ಭುಜಂಗನಿಗೆ ಕಲಿಸಿದ ಆಟ

ಗೋದಾ ಏನು ಮಾಡಿದರೂ ಭುಜಂಗ ಅದನ್ನೇ ಮಾಡುತ್ತಿದ್ದ. ಅವಳಿಗೆ ಹತ್ತು ವರ್ಷ, ಅವನಿಗೆ ಎರಡು ತುಂಬಿ ಮೂರು ತಿಂಗಳು. ಅವಳು ಒಂದು ಕಾಲು ಮಡಚಿ ಊಟಕ್ಕೆ ಕೂತರೆ ಇವನೂ ಒಂದು ಕಾಲು ಮಡಚುತ್ತಿದ್ದ. ಅವಳು ಬಿಸಿ ಅನ್ನಕ್ಕೆ ಊದಿದರೆ ಇವನು ಆರಿ ತಣ್ಣಗಾದ ಅನ್ನಕ್ಕೂ ಕೆನ್ನೆ ಉಬ್ಬಿಸಿ ಊದುತ್ತಿದ್ದ. ಓದುವಾಗ ಜಡೆಯ ತುದಿ ಕಚ್ಚುವುದು ಅವಳ ಚಾಳಿ. ಇವನಿಗೆ ಜಡೆ ಇರಲಿಲ್ಲವಾಗಿ ಹಿಂದಿನಿಂದ ಬಂದು ಅವಳ ಜಡೆಯನ್ನೇ ಕಚ್ಚುತ್ತಿದ್ದ. ಕಾಗೆಯನ್ನು ಕರೆಯುವುದು, ಮೆಟ್ಟಿಲಿಗೆ ಬೆನ್ನು ಕೊಟ್ಟು ಇಳಿಯುವುದು, ಬಾಯಿ ಮುಕ್ಕಳಿಸಿ ದೂರಕ್ಕೆ ಉಗುಳುವುದು, ಒಂದಾದ ಮೇಲೆ ಎರಡು ಎನ್ನುವುದು, ಎಲ್ಲವೂ ಅಕ್ಕನಿಂದ ಬಂದದ್ದು.

“ನಾ ಹಡದಿದ್ದಷ್ಟ. ಬೆಳಸ್ಲಿಕ್ಹತ್ತಿದಾಕಿ ಗೋದಾ,” ಎಂದು ತಾಯಿ ರಂಗೂಬಾಯಿ ಗಂಡನ ಮುಂದೆ ಹೇಳಿ ನಗುತ್ತಿದ್ದಳು.

ಅವರು ಧಾರವಾಡದಿಂದ ಪುಣೆಗೆ ಬಂದು ಒಂದು ವರ್ಷವಾಗಿತ್ತು. ತಂದೆ ಬಿಂದುಮಾಧವರಾಯರಿಗೆ ದಂಡು ಪ್ರದೇಶವಾದ ಲಷ್ಕರದ ಒಂದು ಸರಕಾರಿ ಕಚೇರಿಗೆ ವರ್ಗವಾಗಿತ್ತು. ದಿನಾ ಬೆಳಗ್ಗೆ ಒಂಬತ್ತಕ್ಕೆ ಸೈಕಲ್ ಹತ್ತಿ ಹೋದರೆ ದೀಪ ಹಚ್ಚುವ ಹೊತ್ತಿಗೆ ಮರಳುತ್ತಿದ್ದರು. ಮನೆ ಕಸಬಾ ಪೇಠೆಯ ಒಂದು ಹಳೆಯ ವಾಡೆಯಲ್ಲಿ, ಬಾಡಿಗೆಗೆ ಹಿಡಿದ ಎರಡು ಕೋಣೆ. ನಡುವೆ ಅಂಗಳ, ಅಂಗಳದ ಮೂಲೆಯಲ್ಲಿ ಎಲ್ಲರಿಗೂ ಒಂದೇ ನಳ. ಸುತ್ತ ಇದ್ದ ಐದು ಸಂಸಾರಗಳಲ್ಲಿ ಕನ್ನಡ ಮಾತಾಡುವ ಮನೆ ಇವರದೊಂದೇ.

ರಂಗೂಬಾಯಿಗೆ ಮರಾಠಿ ಸರಿಯಾಗಿ ಬರುತ್ತಿರಲಿಲ್ಲ. ಬಂದಷ್ಟನ್ನು ಅವಳು ಗಂಡ ವಾಡೆಯ ಮಾಲಕರೊಡನೆ ಮಾತಾಡುವುದನ್ನು ಬಾಗಿಲ ಹಿಂದೆ ನಿಂತು ಕೇಳಿ ಕಲಿತಿದ್ದಳು. ಅಲ್ಲೇ ತಪ್ಪಾಗಿತ್ತು. ಕನ್ನಡದಲ್ಲಿ ಗಂಡಸಾಗಲಿ ಹೆಂಗಸಾಗಲಿ ‘ನಾ ಬಂದೆ’ ಎಂದರೆ ಆಯಿತು. ಮರಾಠಿಯಲ್ಲಿ ಗಂಡಸು ‘ಮೀ ಆಲೋ’ ಎನ್ನಬೇಕು, ಹೆಂಗಸು ‘ಮೀ ಆಲೇ’ ಎನ್ನಬೇಕು. ರಂಗೂಬಾಯಿ ಗಂಡನಿಂದ ಕೇಳಿದ್ದನ್ನು ಹಾಗೇ ಎತ್ತಿಕೊಂಡಿದ್ದಳು. ಕೊಡ ಹಿಡಿದು ನಳದ ಹತ್ತಿರ ಬರುವಳು, ಪರಭಾಷೆ ಆಡಬೇಕಲ್ಲ ಎಂಬ ಅಂಜಿಕೆಗೆ ಸೆರಗಿನ ತುದಿಯಿಂದ ಎರಡು ಸಲ ಬಾಯಿ ಒರೆಸಿಕೊಳ್ಳುವಳು, ಆಮೇಲೆ ತುಸು ಏರಿದ ದನಿಯಲ್ಲಿ, “ಮೀ ಆಲೋ! ಪಾಣೀ ಆಲಾ ಕಾ?” ಎನ್ನುವಳು. ನೀರು ಬಂತೇನು ಎಂದು ಕೇಳುವುದರಲ್ಲೂ ತಪ್ಪಿತ್ತು, ನೀರಿಗೆ ‘ಆಲಾ’ ಅಲ್ಲ, ‘ಆಲಂ’ ಎನ್ನಬೇಕಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ತುಟಿ ಬಿಗಿಹಿಡಿಯುತ್ತಿದ್ದರು. ರಂಗೂಬಾಯಿ ಅದನ್ನು ಸ್ನೇಹದ ನಗೆ ಎಂದುಕೊಂಡು ತಾನೂ ನಗುತ್ತಿದ್ದಳು.

ಗೋದಾ ಬೇಗ ಮರಾಠಿ ಕಲಿತಳು. ಆದರೂ ಅಂಗಳದ ಹುಡುಗಿಯರು ಅವಳನ್ನು ಆಟಕ್ಕೆ ಸೇರಿಸಿಕೊಳ್ಳಲಿಲ್ಲ. ಅವರ ಮುಂದಾಳು ಮಾಲಕರ ಮಗಳು ಸುಲಭಾ, ಹನ್ನೊಂದರವಳು. ಗಜ್ಜುಗದ ಆಟಕ್ಕೆ ಎಲ್ಲರೂ ಕಟ್ಟೆಯ ಮೇಲೆ ಸುತ್ತುಗಟ್ಟಿ ಕೂತಾಗ ಗೋದಾ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. ಯಾರೂ ಹೋಗು ಎನ್ನುತ್ತಿರಲಿಲ್ಲ, ಬಾ ಎಂದೂ ಅನ್ನುತ್ತಿರಲಿಲ್ಲ. ಹೀಗೆ ಆರು ತಿಂಗಳು ಕಳೆಯಿತು.

ಒಂದು ಸಂಜೆ ಸುಲಭಾ ಗಜ್ಜುಗ ಕೈಯಲ್ಲೇ ಹಿಡಿದುಕೊಂಡು, “ನಿಮ್ಮ ಆಈ ಇವತ್ತು ನಳದ ಹತ್ತಿರ ಏನೋ ಅಂದಳಂತೆ, ಏನದು?” ಎಂದು ಗೋದಾಳ ತಾಯಿಯ ಮಾತೆತ್ತಿ ಕೇಳಿದಳು.

ಗೋದಾಳಿಗೆ ಏನನ್ನಿಸಿತೋ. ಲಂಗದ ಅಂಚು ಎತ್ತಿ ಎರಡು ಸಲ ಬಾಯಿ ಒರೆಸಿಕೊಂಡಳು, ಕತ್ತು ಮುಂದೆ ಚಾಚಿದಳು, “ಮೀ ಆಲೋ! ಪಾಣೀ ಆಲಾ ಕಾ?” ಎಂದಳು. ದನಿ ಅಚ್ಚು ತಾಯಿಯದೇ ಆಗಿ ಹೊರಬಿತ್ತು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಸುಲಭಾ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದಳು.

ಆ ದಿನದಿಂದ ಗೋದಾಳಿಗೆ ಆಟದಲ್ಲಿ ಜಾಗ ಸಿಕ್ಕಿತು. ಆದರೆ ಆಟ ಶುರುವಾಗುವ ಮೊದಲು ಯಾರಾದರೊಬ್ಬರು, “ಗೋದೇ, ಮಾಡಿ ತೋರಿಸೇ,” ಎನ್ನುತ್ತಿದ್ದರು. ಅವಳು ಮಾಡುತ್ತಿದ್ದಳು. ಮಾಡುವ ಮೊದಲು ಒಮ್ಮೆ ತಮ್ಮ ಮನೆಯ ಬಾಗಿಲ ಕಡೆ ನೋಡುತ್ತಿದ್ದಳು. ನಗೆ ಕೇಳಿಸಿದ ಕೂಡಲೆ ಅದು ಮರೆತುಹೋಗುತ್ತಿತ್ತು. ದಿನಕಳೆದಂತೆ ಹೊಸ ಹೊಸದನ್ನೂ ಸೇರಿಸಿದಳು. ತರಕಾರಿಯವಳೊಡನೆ ತಾಯಿ ಬೆರಳಲ್ಲಿ ಮಾತಾಡುವುದು, ಅರ್ಥವಾಗದೆ ಇದ್ದಾಗ ‘ಹೋ, ಹೋ’ ಎಂದು ತಲೆದೂಗುವುದು. ತಾಯಿ ಒಳಗೆ ಒಲೆಯ ಮುಂದಿರುತ್ತಿದ್ದಳು. ಹೊರಗೆ ಇಷ್ಟು ನಗೆ ಕೇಳಿ, ಮಗಳಿಗೆ ಗೆಳತಿಯರು ಸಿಕ್ಕರಲ್ಲ ಎಂದು ಅವಳಿಗೆ ಸಮಾಧಾನವಾಗಿತ್ತು.

ಭುಜಂಗ ಯಾವಾಗಲೂ ಅಕ್ಕನ ಮೊಣಕಾಲಿಗೆ ಅಂಟಿಕೊಂಡಿರುತ್ತಿದ್ದ. ಅವನನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಫಾಲ್ಗುಣದ ಒಂದು ದಿನ ಅಕ್ಕ ಆಟ ಮುಗಿಸಿ ಕೂತದ್ದೇ ಅವನು ಎದ್ದು ನಡುವೆ ಬಂದ. ಅಂಗಿಯ ತುದಿ ಮೇಲೆತ್ತಿ, ಹೊಟ್ಟೆ ಬಿಟ್ಟುಕೊಂಡು, ಒಂದು ಸಲ, ಎರಡು ಸಲ ಬಾಯಿ ಒರೆಸಿದ. ಕತ್ತು ಚಾಚಿ, “ಮೀ ಆಯೋ!” ಎಂದ.

ಹುಡುಗಿಯರು ಚಪ್ಪಾಳೆ ಹೊಡೆದರು. ಸುಲಭಾ ಅವನನ್ನು ಎತ್ತಿಕೊಂಡು ಮುದ್ದಿಟ್ಟಳು. ಭುಜಂಗ ಮುಖ ಅರಳಿಸಿ ಅಕ್ಕನ ಕಡೆ ನೋಡಿದ, ಸರಿಯಾಯಿತೇ ಎಂದು ಕೇಳುವವನಂತೆ. ಗೋದಾಳಿಗೆ ಹೆಮ್ಮೆಯಾಯಿತು. “ಹಂಗಲ್ಲೋ, ಆಲೋ. ಆ-ಲೋ,” ಎಂದು ತಿದ್ದಿದಳು. ಎರಡು ದಿನದಲ್ಲಿ ಅವನು ಸ್ಪಷ್ಟವಾಗಿ ‘ಆಲೋ’ ಎನ್ನತೊಡಗಿದ. ಅದಕ್ಕೂ ಮುಂಚೆ ಅವನ ಬಾಯಲ್ಲಿ ಲಕಾರ ಹೊರಡುತ್ತಿರಲಿಲ್ಲ. ಬರಬರುತ್ತ ನೀರಿನ ಮಾತೂ ಬಂತು.

ಚೈತ್ರದಲ್ಲಿ ಮಾಲಕರ ಮನೆಯಲ್ಲಿ ಹಳದಿಕುಂಕುಮಕ್ಕೆ ವಾಡೆಯ ಹೆಂಗಸರನ್ನೆಲ್ಲ ಕರೆದಿದ್ದರು. ಪಡಸಾಲೆಯಲ್ಲಿ ಗೌರಿಯನ್ನು ಕೂಡಿಸಿ, ಮಾವಿನಕಾಯಿಯ ಪಾನಕ, ಕಡಲೆಬೇಳೆಯ ಕೋಸಂಬರಿ ಹಂಚುತ್ತಿದ್ದರು. ರಂಗೂಬಾಯಿ ಮದುವೆಯ ಹಸಿರು ಸೀರೆ ಉಟ್ಟು, ಭುಜಂಗನನ್ನು ಸೊಂಟದ ಮೇಲಿಟ್ಟುಕೊಂಡು ಬಂದಿದ್ದಳು. ಗೋದಾ ಸುಲಭಾಳ ಪಕ್ಕದಲ್ಲಿದ್ದಳು. ಹೆಂಗಸರು ಮಕ್ಕಳ ಮಾತಿಗೆ ಬಂದರು. ಯಾರ ಮಗ ಶ್ಲೋಕ ಹೇಳುತ್ತಾನೆ, ಯಾರ ಮಗಳು ಕುಣಿಯುತ್ತಾಳೆ. ಒಬ್ಬಾಕೆ ರಂಗೂಬಾಯಿಯ ಕಡೆ ತಿರುಗಿ, ನಿಮ್ಮ ಹುಡುಗನಿಗೆ ಏನಾದರೂ ಬರುತ್ತದೆಯೇ ಎಂದು ಕೇಳಿದಳು.

ರಂಗೂಬಾಯಿಗೆ ಇಷ್ಟು ಅರ್ಥವಾಯಿತು. ಅವಳ ಕಣ್ಣು ಹೊಳೆದವು. ಮಗ ನಾಲ್ಕು ದಿನದಿಂದ ಮನೆಯಲ್ಲಿ ಏನೋ ಹೊಸ ಆಟ ಆಡುತ್ತಿದ್ದ. ಅದರಲ್ಲಿ ಮರಾಠಿ ಮಾತಿತ್ತು. ಅದು ಅವಳಿಗೆ ದೊಡ್ಡ ವಿದ್ಯೆಯಾಗಿ ಕಂಡಿತ್ತು. ಅವಳು ಅವನನ್ನು ಚಾಪೆಯ ನಡುವೆ ಇಳಿಸಿದಳು.

“ಭುಜ್ಯಾ, ಮಾಡಿ ತೋರ್ಸಪಾ. ಅಕ್ಕ ಕಲಿಸ್ಯಾಳಲಾ, ಅದನ್ನ.”

“ಬ್ಯಾಡವ್ವಾ,” ಎಂದು ಗೋದಾ ಎದ್ದಳು. “ಅವಗ ನಿದ್ದಿ ಬಂದದ.”

“ಎಲ್ಲಿ ನಿದ್ದಿ? ಮಾಡ್ಲಿ ತಡಿ.”

ಭುಜಂಗ ಅಂಗಿ ಎತ್ತಿದ. ಒಂದು ಸಲ, ಎರಡು ಸಲ ಬಾಯಿ ಒರೆಸಿದ. ಕತ್ತು ಚಾಚಿದ. “ಮೀ ಆಲೋ! ಪಾಣೀ ಆಲಾ ಕಾ?”

ಯಾರೋ ಕಿಸಕ್ಕೆಂದರು, ಅಷ್ಟೇ, ಎಲ್ಲರೂ ನಕ್ಕರು. ಸುಲಭಾಳ ತಾಯಿ ಕಣ್ಣೀರು ಒರೆಸಿಕೊಳ್ಳುತ್ತ, “ಹುಬೇಹೂಬ! ಅಗದೀ ಹುಬೇಹೂಬ!” ಎಂದಳು. ಥೇಟು ಹಾಗೇ ಎಂದು ಅದರ ಅರ್ಥ.

ರಂಗೂಬಾಯಿ ನಗುನಗುತ್ತ ಮಗಳನ್ನು ಕೇಳಿದಳು. “ಏನಂದ್ರು ಅವರು?”

ಗೋದಾ ಚಾಪೆಯ ಕಡೆ ನೋಡಿದಳು. “ಭಾಳ ಛಂದ ಮಾಡ್ತಾನ ಅಂದ್ರು,” ಎಂದಳು.

ತಾಯಿಗೆ ಸಂತೋಷವಾಯಿತು. ಇಷ್ಟು ಜನ ತನ್ನ ಮಗನನ್ನು ಹೊಗಳುವಾಗ ತಾನೂ ಒಂದು ಮಾತು ಆಡಬೇಕಲ್ಲ. ಅವಳು ಸೆರಗಿನ ತುದಿ ಹಿಡಿದು ಬಾಯಿ ಒರೆಸಿಕೊಂಡಳು. ಮತ್ತೊಮ್ಮೆ ಒರೆಸಲು ಕೈ ಎತ್ತಿದಾಗ ನಗೆ ಇನ್ನೊಮ್ಮೆ ಎದ್ದಿತು. ಕೆಳಗೆ ಭುಜಂಗ, ಚಪ್ಪಾಳೆ ಇನ್ನಷ್ಟು ಬೇಕೆಂದು, ಅಂಗಿಯಿಂದ ಮತ್ತೆ ಬಾಯಿ ಒರೆಸುತ್ತಿದ್ದ.

ರಂಗೂಬಾಯಿ ಅವನನ್ನು ನೋಡಿದಳು. ತನ್ನ ಕೈಯನ್ನು ನೋಡಿದಳು. ಕೈ ಬಾಯಿಯ ಹತ್ತಿರವೇ ನಿಂತಿತು. ಆಮೇಲೆ ಗೋದಾಳ ಕಡೆ ನೋಡಿದಳು, ಬಹಳ ಹೊತ್ತೇನಲ್ಲ. ಸೆರಗನ್ನು ನಿಧಾನವಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಳದಿಕುಂಕುಮ ತೆಗೆದುಕೊಂಡಳು, ಉಡಿಯಲ್ಲಿ ಕಡಲೆ ಹಾಕಿಸಿಕೊಂಡಳು, ಎಲ್ಲರಿಗೂ ನಮಸ್ಕಾರ ಮಾಡಿ ಮಗನನ್ನು ಎತ್ತಿಕೊಂಡು ಹೊರಟಳು.

ಮನೆಗೆ ಬಂದ ಮೇಲೆ ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಗೋದಾ ಕಾದಳು. ತಾಯಿ ಹಸಿರು ಸೀರೆ ಬಿಚ್ಚಿ ಮಡಚಿಟ್ಟಳು, ಅಕ್ಕಿ ತೊಳೆದಳು, ಒಲೆ ಹೊತ್ತಿಸಿದಳು. ಊಟಕ್ಕೆ ಕರೆಯುವಾಗಲೂ ದನಿ ಎಂದಿನಂತೆಯೇ ಇತ್ತು. ಹೊಡೆದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಗೋದಾಳಿಗೆ.

ಮಾರನೆಯ ದಿನದಿಂದ ರಂಗೂಬಾಯಿ ಬೇರೆ ಹೆಂಗಸರು ಏಳುವ ಮೊದಲೇ ನಳಕ್ಕೆ ಹೋಗಿ ನೀರು ತುಂಬಿಡತೊಡಗಿದಳು. ತರಕಾರಿಯವಳು ಬಂದರೆ ಬೇಕಾದ್ದಕ್ಕೆ ಬೆರಳು ತೋರಿಸಿ ಸುಮ್ಮನಾಗುವಳು. ಮರಾಠಿಯ ಒಂದಕ್ಷರ ಅವಳ ಬಾಯಿಂದ ಹೊರಬೀಳಲಿಲ್ಲ. ಭುಜಂಗನಿಗೆ ಮಾತ್ರ ಇದಾವುದೂ ತಿಳಿಯಲಿಲ್ಲ. ನಗಬೇಕಾದವರು ನಗುತ್ತಿಲ್ಲವೆಂದು ಅವನು ಆಟವನ್ನು ಇನ್ನೂ ಹೆಚ್ಚು ಮಾಡಿದ. ತಾಯಿಯ ಮುಂದೆ ನಿಂತು ದಿನಕ್ಕೆ ಹತ್ತು ಸಲ ಬಾಯಿ ಒರೆಸಿ, “ಮೀ ಆಲೋ!” ಎನ್ನುವನು. ಅವಳು ಅವನ ಮೂಗು ಒರೆಸಿ ಅತ್ತ ಕಳಿಸುವಳು.

ಗೋದಾ ಅವನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ, “ಇನ್ನೊಮ್ಮೆ ಅಂದ್ರ ನೋಡು,” ಎಂದು ಬೆದರಿಸಿದಳು. ಅವನು ಅವಳ ಹಾಗೆಯೇ ಬೆರಳೆತ್ತಿ, “ನೋಡು,” ಎಂದ. ಕೈಗೆ ಫಟ್ಟೆಂದು ಹೊಡೆದಳು. ಅತ್ತ. ಅತ್ತು ಮುಗಿಸಿ, ಅಕ್ಕನನ್ನು ಒಲಿಸಲೆಂದೇ ಏನೋ, ಅಂಗಿ ಎತ್ತಿ ಮತ್ತೆ ಬಾಯಿ ಒರೆಸಿದ. ಗೋದಾ ಅಲ್ಲೇ ಗೋಡೆಗೆ ಮುಖ ಹಚ್ಚಿ ನಿಂತಳು. ಮಾಡಬೇಡ ಎಂದು ಹೇಳಿ ಅವನಿಗೆ ಅವಳು ಯಾವತ್ತೂ ಏನನ್ನೂ ಕಲಿಸಿರಲಿಲ್ಲ. ಮಾಡಿ ತೋರಿಸಿದ್ದನ್ನಷ್ಟೇ ಅವನು ಕಲಿತಿದ್ದ.

ಒಂದು ರಾತ್ರಿ ಊಟದ ಹೊತ್ತಿಗೆ ತಂದೆಯೂ ಅದನ್ನು ನೋಡಿದರು. “ಏನಿದು ಹೊಸಾ ಸೋಗು?”

ಗೋದಾ ತಟ್ಟೆಯ ಮೇಲೆ ಬಾಗಿದಳು. ತಾಯಿ ಸಾರು ಬಡಿಸುತ್ತ, “ಏನಿಲ್ರಿ, ಹುಡುಗರ ಆಟ,” ಎಂದಳು.

ಇದಾಗಿ ಹತ್ತು ದಿನ ಕಳೆದಿತ್ತು. ಬೇಸಿಗೆಯಾದ್ದರಿಂದ ಶಾಲೆ ಮುಂಜಾನೆಗೆ ಬದಲಾಗಿತ್ತು. ಗೋದಾ ಹನ್ನೊಂದಕ್ಕೆ ಪಾಟಿಯ ಚೀಲ ಹೊತ್ತು ಮರಳುತ್ತಿದ್ದಾಗ, ಓಣಿಯ ತಿರುವಿನಲ್ಲಿ ತಾಯಿ ಕಂಡಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಸೆರಗು ತಲೆಯಿಂದ ಜಾರಿತ್ತು, ಸೀರೆಯ ಅಂಚಿಗೆ ಹೊಳೆಯ ಕೆಸರು ಹತ್ತಿತ್ತು. ಹೂ ಮಾರುವ ಒಬ್ಬಾಕೆಯ ಮುಂದೆ ನಿಂತು, ನೆಲದಿಂದ ಎರಡು ಮೊಳದೆತ್ತರಕ್ಕೆ ಅಂಗೈ ಹಿಡಿದು ತೋರಿಸುತ್ತಿದ್ದಳು. ಮಾತಿರಲಿಲ್ಲ. ಹೂವಿನಾಕೆ ಇದಾರೋ ಮೂಕಿ ಎಂಬಂತೆ ನೋಡುತ್ತಿದ್ದಳು.

ಗೋದಾ ಓಡಿದಳು. “ಅವ್ವಾ! ಏನಾತು?”

“ಭುಜ್ಯಾ ಇಲ್ಲವಾ. ನಾ ಹಿಟ್ಟು ನಾದ್ಲಿಕ್ಹತ್ತಿದ್ದೆ, ಹೊರಗಿನ ಬಾಗಲಾ ತಗದಿತ್ತು. ಹೊಳಿತನಕಾ ಹೋಗಿ ಬಂದೆ. ಎಲ್ಲೂ ಇಲ್ಲ.”

“ಯಾವಾಗಿಂದ?”

“ಎರಡ ತಾಸಾತು.”

“ವಾಡೇದಾಗ ಯಾರ್ನೂ ಕೇಳ್ಲಿಲ್ಲೇನು? ಸುಲಭಾನ ಆಈನ್ನ? ಓಣ್ಯಾಗಿನವರ್ನ?”

ರಂಗೂಬಾಯಿ ಮಗಳ ಮುಖ ನೋಡಲಿಲ್ಲ. “ಕೇಳಿದ್ರ ನಗತಾರ,” ಎಂದಳು.

ಎರಡು ತಾಸು ಅವಳ ತಾಯಿ ಬಾಯಿ ಮುಚ್ಚಿಕೊಂಡು ಈ ಬಿಸಿಲಲ್ಲಿ ಒಂದೊಂದೇ ಬಾಗಿಲೊಳಗೆ ಇಣುಕುತ್ತ ತಿರುಗಿದ್ದಳು. ತರಕಾರಿ ಮಂಡಿಯ ಕಡೆ ಹೋಗುವ ಎತ್ತಿನ ಗಾಡಿಗಳು ಒಂದರ ಹಿಂದೊಂದು ಹಾಯುತ್ತಿದ್ದವು. ಒಂದೊಂದರ ಗಾಲಿಯನ್ನೂ ಅವಳು ಹೇಗೆ ನೋಡಿರಬೇಕು.

ಗೋದಾ ಹೂವಿನಾಕೆಯನ್ನು ಮರಾಠಿಯಲ್ಲಿ ಕೇಳಿದಳು. ನೀಲಿ ಅಂಗಿಯ ಸಣ್ಣ ಹುಡುಗನೇ? ತಾಂಬಟರ ಓಣಿಯ ಕಡೆ ಹೋದ, ಆಗಲೇ ಹೋದ, ನಾನೇ ನೋಡಿದೆ ಎಂದಳಾಕೆ. ತಾಯಿಯೆದುರಿಗೇ ಇದ್ದ ಉತ್ತರವದು. ಕೇಳಲು ಎರಡು ಮಾತು ಬೇಕಾಗಿದ್ದವು.

ತಾಂಬಟರ ಓಣಿಯಲ್ಲಿ ದಿನವಿಡೀ ತಾಮ್ರದ ಹಂಡೆ ಬಡಿಯುವ ಸಪ್ಪಳ. ಅದಕ್ಕೇ ಹುಡುಗ ಆ ಕಡೆ ಹೋಗಿದ್ದ. ಓಣಿಯೊಳಗೆ ಹೊಕ್ಕಾಗ ಒಂದು ಅಂಗಡಿಯಲ್ಲಿ ಮಾತ್ರ ಸುತ್ತಿಗೆ ನಿಂತಿತ್ತು. ಬದಲಿಗೆ ನಗೆ ಕೇಳಿಸುತ್ತಿತ್ತು. ಗೋದಾಳಿಗೆ ಅಲ್ಲಿಂದಲೇ ತಿಳಿಯಿತು. ಮೂರು ಜನ ತಾಂಬಟರು ಅರ್ಧ ಬಡಿದ ಹಂಡೆಗಳನ್ನು ಸರಿಸಿ ಕೂತಿದ್ದರು. ನಡುವೆ ಭುಜಂಗ, ಒಂದು ಕೈಯಲ್ಲಿ ಚುರುಮುರಿ. ಇನ್ನೊಂದು ಕೈಯಲ್ಲಿ ಅಂಗಿ ಎತ್ತಿ ಬಾಯಿ ಒರೆಸಿ, “ಮೀ ಆಲೋ!” ಎನ್ನುತ್ತಿದ್ದ. ಅಂದಾಗಲೊಮ್ಮೆ ಅವರು ಇನ್ನಷ್ಟು ಚುರುಮುರಿ ಕೊಡುತ್ತಿದ್ದರು.

“ಅಕ್ಕಾ!” ಎಂದು ಅವನು ಖುಷಿಯಿಂದ ಕೂಗಿದ.

ಅವರಲ್ಲಿ ಹಿರಿಯ, ಬಿಳಿ ಮೀಸೆಯವನು, ಗೋದಾಳನ್ನು ನೋಡಿ ನಗುತ್ತ ಮರಾಠಿಯಲ್ಲಿ ಕೇಳಿದ. “ನಿನ್ನ ತಮ್ಮನೇನು? ಭಾರಿ ಹುಡುಗ. ಯಾವ ಮುದುಕಿಯ ನಕಲು ಮಾಡುತ್ತಾನೆ ಇವನು? ನಿಮ್ಮ ಅಜ್ಜಿಯದೇ?”

ಹಿಂದೆ ತಾಯಿ ಬಂದು ನಿಂತದ್ದು ಗೋದಾಳಿಗೆ ಉಸಿರಿನಿಂದ ಗೊತ್ತಾಯಿತು. ಹೌದು, ಅಜ್ಜಿಯದು ಎಂದುಬಿಡಬಹುದಿತ್ತು. ಮಾತು ತುಟಿಯವರೆಗೂ ಬಂದಿತ್ತು.

“ನಮ್ಮವ್ವಂದು,” ಎಂದಳು ಮರಾಠಿಯಲ್ಲೇ. “ಇವರು ನಮ್ಮವ್ವ. ಅವನಿಗೆ ಕಲಿಸಿದವಳು ನಾನು.”

ತಾಂಬಟರ ನಗೆ ನಿಂತಿತು. ಹಿರಿಯನು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು ಎದ್ದು ನಿಂತ. ತಂಬಿಗೆಯಲ್ಲಿ ನೀರು ತಂದು ರಂಗೂಬಾಯಿಯ ಮುಂದೆ ಹಿಡಿದ. ಅವಳು ಕುಡಿಯಲಿಲ್ಲ, ಮಗನನ್ನು ಬಾಚಿ ಎತ್ತಿಕೊಂಡು ಅವನ ಕತ್ತಿನಲ್ಲಿ ಮುಖ ಹುದುಗಿಸಿದಳು.

ಮನೆಗೆ ಬಂದು ತಾಯಿ ಭುಜಂಗನಿಗೆ ಹಾಲನ್ನ ಉಣಿಸಿ ಮಲಗಿಸಿದಳು. ಆಮೇಲೆ ಗೋದಾ ಬಾಗಿಲ ಹತ್ತಿರ ನಿಂತುಕೊಂಡೇ ಹೇಳಿದಳು.

“ನಾನ ಕಲಿಸಿದ್ದವ್ವಾ.”

“ಗೊತ್ತದ.”

“ಬೇಕಂತ ಕಲಿಸ್ಲಿಲ್ಲ. ಅವ ನೋಡಿ ಕಲತಾ.”

“ಅವ ನೋಡಿ ಕಲತಾ, ಖರೆ. ನೀ ಬೇಕಂತ ಮಾಡಿದ್ದಿಲ್ಲೇನು?”

ಗೋದಾ ತಲೆ ತಗ್ಗಿಸಿದಳು.

“ಮೊದಲ ದಿನಾ ಭಾಳ ಸಂಕಟಾತು,” ಎಂದಳು ರಂಗೂಬಾಯಿ. “ಹೊರಗಿನವರು ನಕ್ಕರ ನಗವಲ್ರ್ಯಾಕ. ಮಗಳು ನಗಸ್ತಾಳ ಅಂದ್ರ ಹೆಂಗ, ಅಂತ. ಆದ್ರ ಇವತ್ತು ನನ್ನ ಮ್ಯಾಲ ನನಗ ಹೇಸಿಕಿ ಬಂತು ಗೋದಾ. ಕೂಸು ಕಳದದ. ಹೊಳ್ಯಾಗ ಬಿದ್ದದೋ, ಗಾಡಿ ಕೆಳಗ ಸಿಕ್ಕದೋ ಗೊತ್ತಿಲ್ಲ. ಒಂದ ಮಾತ ಕೇಳ್ಲಿಕ್ಕೆ ನನಗ ನಾಚಿಕಿ! ನಾಚಿಕಿ ದೊಡ್ಡದಾತು, ಮಗ ಸಣ್ಣವಾದಾ. ನಾ ಎಂಥಾ ತಾಯಿ?”

“ಹಂಗನಬ್ಯಾಡವ್ವಾ,” ಎಂದು ಗೋದಾ ಅತ್ತುಬಿಟ್ಟಳು. ತಾಯಿ ಅವಳನ್ನು ಹತ್ತಿರ ಕರೆಯಲಿಲ್ಲ. ಹೊರಗೆ ಹೋಗು ಎಂದೂ ಅನ್ನಲಿಲ್ಲ. ಹಿಟ್ಟು ಒಣಗಿಹೋಗಿತ್ತು, ನೀರು ಚಿಮುಕಿಸಿ ಮತ್ತೆ ನಾದಲು ಕೂತಳು.

ಮೂರು ದಿನದ ಮೇಲೆ, ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದಾಗ, ತಾಯಿ ತಾನಾಗಿಯೇ ಕೇಳಿದಳು. “ಹೆಣ್ಣಮಕ್ಕಳು ಹೆಂಗ ಅಂತಾರ ಅದನ್ನ?”

“ಯಾವದನ್ನ?”

“ಬಂದೆ ಅನ್ನೋದನ್ನ. ನಾ ಅಂದದ್ದು ತಪ್ಪಲ್ಲಾ? ನನಗ್ಯಾರು ಹೇಳವರು. ಒಂದ ವರ್ಷಾತು, ನೀನೂ ಹೇಳ್ಲಿಲ್ಲ.”

ಗೋದಾ ಅಕ್ಕಿಯೊಳಗೆ ಬೆರಳಾಡಿಸಿದಳು. ಇಷ್ಟು ದಿನ ತಪ್ಪೇನೆಂದು ಅವಳಿಗೆ ಗೊತ್ತಿತ್ತು, ತಿದ್ದುವುದು ಒಂದು ಗಳಿಗೆಯ ಕೆಲಸವಾಗಿತ್ತು. ತಿದ್ದಿದ್ದರೆ ಅಂಗಳದಲ್ಲಿ ನಗಿಸಲು ಏನೂ ಉಳಿಯುತ್ತಿರಲಿಲ್ಲ.

“ಮೀ ಆಲೇ,” ಎಂದಳು ತಗ್ಗಿದ ದನಿಯಲ್ಲಿ.

“ಮೀ ಆಲೇ,” ಎಂದಳು ತಾಯಿ. ತೊಡೆಯ ಮೇಲಿದ್ದ ಭುಜಂಗ ಅಕ್ಕನ ಬಾಯಿಯನ್ನೇ ನೋಡುತ್ತಿದ್ದ. “ಮೀ ಆಲೇ!” ಎಂದು ಅವನೂ ಕೂಗಿದ.

ದಿನಾ ಮಧ್ಯಾಹ್ನ ಹೀಗೆ ಪಾಠ ನಡೆಯಿತು. ಅಂಗಳದಲ್ಲಿ ಸುಲಭಾ ಎರಡು ಮೂರು ಸಲ, “ಗೋದೇ, ಮಾಡಿ ತೋರಿಸೇ,” ಎಂದು ಕೇಳಿದಳು. ಗೋದಾ ಮಾಡಲಿಲ್ಲ. ಕಟ್ಟೆಯ ಮೇಲೆ ಅವಳ ಜಾಗಕ್ಕೆ ಬೇರೆ ಹುಡುಗಿ ಬಂದಳು. ಗೋದಾ ಮತ್ತೆ ಕಂಬದ ಹತ್ತಿರ ನಿಂತಳು. ಪಕ್ಕದಲ್ಲಿ ಭುಜಂಗನೂ ಕಂಬಕ್ಕೆ ಒರಗಿ ಅವಳಂತೆಯೇ ಕೈ ಕಟ್ಟಿ ನಿಂತ. ಅದನ್ನು ನೋಡಲಾರದೆ ಅವಳು ಅವನನ್ನು ಒಳಗೆ ಕರೆದುಕೊಂಡು ಹೋದಳು.

ರಂಗೂಬಾಯಿ ಆಷಾಢದ ಹೊತ್ತಿಗೆ ಮತ್ತೆ ಎಲ್ಲರ ಜೊತೆ ನಳಕ್ಕೆ ಬರತೊಡಗಿದಳು. ಮೊದಲ ದಿನ ಗೋದಾ ಇನ್ನೊಂದು ಕೊಡ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ತಾಯಿ ನಿಧಾನವಾಗಿ, ಒಂದೊಂದೇ ಮಾತನ್ನು ಇಟ್ಟು ನೋಡುವಂತೆ, ನೀರು ಬಂತೇನೆಂದು ಕೇಳಿದಳು. ಸುಲಭಾಳ ತಾಯಿ ಅರೆಗಳಿಗೆ ಅವಳನ್ನು ನೋಡಿ, ಬಂತು ಬಾ ಎಂದು ತನ್ನ ಕೊಡ ಸರಿಸಿದಳು. ಅಷ್ಟೇ ನಡೆದದ್ದು. ಅದಕ್ಕಿಂತ ಹೆಚ್ಚಿನ ಗೆಳೆತನವೇನೂ ಆಮೇಲೂ ಬೆಳೆಯಲಿಲ್ಲ.

ಭುಜಂಗ ಬಾಯಿ ಒರೆಸುವುದನ್ನು ಮರೆತ. ಆದರೆ ಮಧ್ಯಾಹ್ನದ ಪಾಠ ಅವನಿಗೆ ಹತ್ತಿಕೊಂಡಿತ್ತು. ಒಂದು ಸಂಜೆ ತಂದೆ ಊಟಕ್ಕೆ ಕೂತು ಅವನನ್ನು ಕರೆದಾಗ ಅವನು ಓಡಿಬಂದು, “ಮೀ ಆಲೇ! ಮೀ ಆಲೇ!” ಎಂದ. ಬಿಂದುಮಾಧವರಾಯರು ತುತ್ತು ಕೈಯಲ್ಲೇ ಹಿಡಿದು ನಕ್ಕರು.

“ಏ, ನೀ ಗಂಡಹುಡುಗಲೇ! ಆಲೇ ಅಂತ ಯಾರು ಕಲಿಸಿದ್ರೋ ಇವಗ?”

“ಗೋದಾ,” ಎಂದಳು ರಂಗೂಬಾಯಿ. “ನನಗ ಕಲಸೂಮುಂದ ಅವನೂ ಕಲತಾನ.”

“ನಿನಗೂ ಕಲಿಸ್ಯಾಳೇನು?” ಅವರಿಗೆ ಆಶ್ಚರ್ಯವಾಯಿತು. ಎಡಗೈಯಿಂದ ಮಗಳ ಬೆನ್ನು ತಟ್ಟಿದರು. “ಶಾಬಾಸ್ ಗೋದಾ! ಇಷ್ಟ ದಿನಾ ನನಗ ಹೊಳಿಲಿಲ್ಲ ನೋಡು. ಶಾಣ್ಯಾಕಿ ಇದ್ದಿ ನೀ.”

ಗೋದಾ ತಾಯಿಯ ಕಡೆ ನೋಡಿದಳು. ತಾಯಿ ಮಜ್ಜಿಗೆಯ ಪಾತ್ರೆ ಎತ್ತಿಕೊಂಡು, “ಹಾಕ್ಲೇನು?” ಎಂದು ಕೇಳಿದಳು. ಗೋದಾ ತಟ್ಟೆಯನ್ನು ಮುಂದೆ ಸರಿಸಿದಳು. ಅನ್ನ ಕಲಸಿದಳು, ತುತ್ತು ಬಾಯಿಗಿಟ್ಟಳು. ಮೊದಲು ಅವಳು ಕಲಿಸಿದ್ದು ಏನೆಂದು ತಂದೆಗೆ ಯಾರೂ ಹೇಳಿರಲಿಲ್ಲ. ತಂದೆ ಇನ್ನೂ ಹೊಗಳುತ್ತಲೇ ಇದ್ದರು.